ಮೊದಲ ಅನುಮಾನ ಯಾರ ಒಲೆಯ ಮೇಲೆ?

2023ರ ಬೇಸಿಗೆಯಲ್ಲಿ ಐದು ತಿಂಗಳು ನಾನು ಅಮೆರಿಕದ ಓಹಿಯೋ ರಾಜ್ಯದಲ್ಲಿ ಮಗನ ಮನೆಯಲ್ಲಿದ್ದೆ. ಬೆಳಗ್ಗೆ ಎಂಟಕ್ಕೆ ಎಲ್ಲರೂ ಹೊರಟುಹೋದರೆ ಸಂಜೆ ಐದರವರೆಗೆ ಮನೆಗೆ ನಾನೊಬ್ಬಳೇ ಕಾವಲು. ನಡೆದುಹೋಗುವಷ್ಟು ದೂರದಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಿತ್ತು. ಅಲ್ಲಿನ ಒಂದು ಕಪಾಟಿನಲ್ಲಿ ಸಾಲಾಗಿ ನಿಂತ ಪುಸ್ತಕಗಳ ರಕ್ಷಾಪುಟಗಳ ಮೇಲೆ ಕೇಕು, ಕಾಫಿ ಬಟ್ಟಲು, ಬೆಕ್ಕು, ಕಿಟಕಿಯಾಚೆ ಹೂತೋಟ. ಅಡುಗೆ ಪುಸ್ತಕಗಳೆಂದೇ ತಿಳಿದು ಒಂದನ್ನು ಮನೆಗೆ ತಂದೆ. ಮೊದಲನೆಯ ಅಧ್ಯಾಯ ಮುಗಿಯುವುದರೊಳಗೆ ಒಂದು ಹೆಣ ಬಿದ್ದಿತು! ಸೊಸೆ ನಕ್ಕು, "ಅತ್ತೆ, ಅದು ಅಡುಗೆ ಪುಸ್ತಕ ಅಲ್ಲ, ಕೊಲೆ ಪುಸ್ತಕ. ಆದ್ರೆ ಕೊನೇಲಿ ಅಡುಗೆ ಮಾಡೋ ವಿಧಾನಾನೂ ಇರುತ್ತೆ ನೋಡಿ" ಎಂದಳು. ಹಿಂತಿರುಗಿ ಬರುವುದರೊಳಗೆ ಅಂಥವನ್ನು ಇಪ್ಪತ್ತಕ್ಕೂ ಹೆಚ್ಚು ಓದಿದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳ ಚಾಳಿ ಎಲ್ಲಿಗೆ ಹೋದೀತು? ಮೊದಲಿನವು ಯಾವುವು, ಆಮೇಲೆ ಬಂದವು ಯಾವುವು ಎಂದು ಇಸವಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳತೊಡಗಿದೆ. ಆ ಟಿಪ್ಪಣಿಗಳೇ ಈ ಲೇಖನಕ್ಕೆ ಆಧಾರ.

ಈ ಬಗೆಯ ಕಥೆಗಳಿಗೆ ಇಂಗ್ಲಿಷಿನಲ್ಲಿ 'ಕೋಝಿ' ಎಂದು ಹೆಸರು. ಮಳೆಗಾಲದಲ್ಲಿ ಕಂಬಳಿ ಹೊದ್ದು ಕುಳಿತಾಗ ಆಗುವ ಹಿತವನ್ನು ಆ ಪದ ಸೂಚಿಸುತ್ತದೆ. ಕೊಲೆಯ ಕಥೆಗೆ ಈ ಹೆಸರು ವಿಚಿತ್ರವೆನಿಸಬಹುದು. ಆದರೆ ಇಲ್ಲಿ ರಕ್ತಪಾತದ ವರ್ಣನೆ ಇರುವುದಿಲ್ಲ, ಕೊಲೆ ಓದುಗನ ಕಣ್ಣ ಮುಂದೆ ನಡೆಯುವುದಿಲ್ಲ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಅಪರಾಧವನ್ನು ಪತ್ತೆ ಮಾಡುವುದು ಪೊಲೀಸರಲ್ಲ. ಕುತೂಹಲ ತಡೆಯಲಾರದ ಯಾರೋ ಸಾಮಾನ್ಯರು, ಬಹುತೇಕ ಹೆಂಗಸರು. ಆಕೆ ಬೇಕರಿಯನ್ನೋ ಹೋಟೆಲನ್ನೋ ನಡೆಸುತ್ತಿದ್ದರೆ ಅದು ಪಾಕಶಾಲೆಯ ಪತ್ತೇದಾರಿ ಕಥೆಯಾಗುತ್ತದೆ.

ನಮ್ಮ ತಲೆಮಾರಿನವರಿಗೆ ಪತ್ತೇದಾರಿ ಎಂದರೆ ಎನ್. ನರಸಿಂಹಯ್ಯನವರು. ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದವಳು ನಾನು. (ನೀವು ಹಾಗೆ ಓದಿದಾಗ ನಾನು ಕಿತ್ತುಕೊಂಡಿದ್ದೇನೆ, ನಿಜ. ಕಿತ್ತುಕೊಂಡವುಗಳಲ್ಲಿ ಕೆಲವನ್ನು ಸ್ಟಾಫ್ ರೂಮಿನಲ್ಲಿ ಓದಿ ಮುಗಿಸಿದ ಮೇಲೆಯೇ ಹಿಂತಿರುಗಿಸಿದ್ದೇನೆ.) ಇಂಗ್ಲಿಷಿನಲ್ಲಿ ಈ ಬೆಚ್ಚನೆಯ ಕಥೆಗಳ ತಾಯಿಬೇರು ಅಗಾಥಾ ಕ್ರಿಸ್ಟಿಯವರದು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ತಮ್ಮ ಊರಾದ ಟಾರ್ಕಿಯ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ್ದರಿಂದ ವಿಷಗಳ ಪರಿಚಯ ಚೆನ್ನಾಗಿಯೇ ಇತ್ತು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿಯೇ ಸಾವು ಸ್ಟ್ರಿಕ್ನಿನ್ ವಿಷದಿಂದ. ಆ ಕಾಲದ ಇಂಗ್ಲಿಷ್ ಬಂಗಲೆಗಳ ಕಥೆಗಳಲ್ಲಿ ವಿಷ ಬೀಳುವುದು ಕಾಫಿಗೆ, ಹಾಲಿಗೆ, ಮುರಬ್ಬಕ್ಕೆ. ಅಂದರೆ ಅಡುಗೆಮನೆಯ ದಾರಿಯಲ್ಲೇ. ಆದರೆ ಅಡುಗೆಯವಳ ಪಾತ್ರ ಬಹುಮಟ್ಟಿಗೆ ಎರಡು ಪುಟದ್ದು. ಬೆದರಿ ಅಳುತ್ತಾಳೆ, ಪೊಲೀಸರ ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ, ಒಳಗೆ ಹೋಗುತ್ತಾಳೆ.

ಆಕೆಯನ್ನು ಕೂರಿಸಿ ಮಾತನಾಡಿಸಿದವರು ಯಾರು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ರೆಕ್ಸ್ ಸ್ಟೌಟ್ ಎಂಬ ಅಮೆರಿಕನ್ ಲೇಖಕರ 'ಟೂ ಮೆನಿ ಕುಕ್ಸ್', 1938ನೆಯ ಇಸವಿಯದು. ಇದರ ಪತ್ತೇದಾರ ನೀರೋ ವುಲ್ಫ್ ಮಹಾ ಸ್ಥೂಲಕಾಯ, ಮಹಾ ಭೋಜನಪ್ರಿಯ, ಮನೆ ಬಿಟ್ಟು ಹೊರಡಲು ಒಲ್ಲದವನು. ಅಂಥವನು ನ್ಯೂಯಾರ್ಕಿನಿಂದ ರೈಲು ಹತ್ತಿ ವೆಸ್ಟ್ ವರ್ಜೀನಿಯಾದ ಒಂದು ವಿಲಾಸಧಾಮಕ್ಕೆ ಹೋಗುತ್ತಾನೆ. ಕಾರಣ, ಅಲ್ಲಿ ಜಗತ್ತಿನ ಹೆಸರಾಂತ ಪಾಕಪ್ರವೀಣರ ಕೂಟ. ಒಂದು ಸಂಜೆ ಅವರಿಗೊಂದು ಪಂದ್ಯ: ಒಂದೇ ವ್ಯಂಜನವನ್ನು ಒಂಬತ್ತು ಪಾತ್ರೆಗಳಲ್ಲಿಟ್ಟಿದೆ, ಪ್ರತಿಯೊಂದರಲ್ಲೂ ಒಂದೊಂದು ಸಾಮಗ್ರಿ ಬಿಟ್ಟಿದೆ, ಯಾವುದರಲ್ಲಿ ಯಾವುದಿಲ್ಲ ಎಂದು ರುಚಿ ನೋಡಿಯೇ ಹೇಳಬೇಕು. ಪಂದ್ಯದ ನಡುವೆ, ಅದನ್ನು ತಯಾರಿಸಿದ ಪಾಕತಜ್ಞನ ಕೊಲೆಯಾಗುತ್ತದೆ.

ಆ ಪ್ರವೀಣರೆಲ್ಲ ಬಿಳಿಯರು. ಆ ವಿಲಾಸಧಾಮದಲ್ಲಿ ನಿಜವಾಗಿ ಬೇಯಿಸುವವರು, ಬಡಿಸುವವರು, ಪಾತ್ರೆ ತೆಗೆಯುವವರು ಕಪ್ಪು ಜನ. 1938ರ ದಕ್ಷಿಣ ಪ್ರಾಂತ್ಯಗಳೆಂದರೆ ಶಾಲೆ ಬೇರೆ, ಊಟದ ಮೇಜು ಬೇರೆ ಎಂಬ ಕಾಲ. ಅಲ್ಲಿಯ ಶೆರೀಫ್ ಆ ನೌಕರರನ್ನು ಬೆದರಿಸಿ ವಿಚಾರಿಸಿದಾಗ ಯಾರೂ ಬಾಯಿ ಬಿಡುವುದಿಲ್ಲ. ವುಲ್ಫ್ ಹದಿನಾಲ್ಕು ಮಂದಿ ನೌಕರರನ್ನು ರಾತ್ರಿ ತನ್ನ ಕೋಣೆಗೆ ಕರೆಸುತ್ತಾನೆ, ಕುಡಿಯಲು ಕೊಡುತ್ತಾನೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಮರ್ಯಾದೆಯಿಂದ ಮಾತನಾಡಿಸುತ್ತಾನೆ. ತಾಸುಗಟ್ಟಲೆ ಮಾತು ನಡೆದ ಮೇಲೆ ಪಾಲ್ ವಿಪಲ್ ಎಂಬ ಯುವಕ, ಹೊವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತ ಅಲ್ಲಿ ಪರಿಚಾರಕನಾಗಿದ್ದವನು, ತಾನು ಕಂಡದ್ದನ್ನು ಹೇಳುತ್ತಾನೆ. ಕೊಲೆಗಾರನ ಹೆಸರು ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಒಬ್ಬ ಬಿಳಿಯ ಮನುಷ್ಯ ಮುಖಕ್ಕೆ ಮಸಿ ಬಳಿದುಕೊಂಡು, ನೌಕರನ ಸಮವಸ್ತ್ರ ತೊಟ್ಟು ಆ ಕೋಣೆಯಲ್ಲಿ ಓಡಾಡಿದ್ದ. ನೌಕರನ ಮುಖವನ್ನು ಅತಿಥಿಗಳು ಯಾರೂ ದಿಟ್ಟಿಸಿ ನೋಡುವುದಿಲ್ಲ ಎಂಬ ಧೈರ್ಯ ಅವನಿಗೆ. ನೋಡಿದವನು ಇನ್ನೊಬ್ಬ ನೌಕರ.

ಈ ಪುಸ್ತಕವನ್ನು ತೀರಾ ಹೊಗಳಲಾರೆ. ಕಥೆ ಹೇಳುವ ವುಲ್ಫನ ಸಹಾಯಕ ಆ ಜನರ ಬಗ್ಗೆ ಬಳಸುವ ಶಬ್ದಗಳು ಇಂದು ಬಾಯಲ್ಲಿ ಹೇಳುವಂಥವಲ್ಲ. ವುಲ್ಫ್ ಕೂಡ ಅವರನ್ನು ಕರೆಸಿದ್ದು ತನ್ನ ಕೆಲಸಕ್ಕಾಗಿ. ಆದರೂ ಸುತ್ತಿನ ಸಮಾಜ ಹಾಗಿದ್ದಾಗ ಅಡುಗೆಮನೆಯವರನ್ನು ಕುರ್ಚಿಯ ಮೇಲೆ ಕೂರಿಸಿ "ನೀವು ಏನು ನೋಡಿದಿರಿ?" ಎಂದು ಕೇಳಿದ ಆ ಅಧ್ಯಾಯ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. 1964ರಲ್ಲಿ, ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದ ವರ್ಷವೇ, ಸ್ಟೌಟ್ ಆ ವಿಪಲ್‌ನನ್ನು ಇನ್ನೊಂದು ಕಾದಂಬರಿಯಲ್ಲಿ ಮತ್ತೆ ತಂದರು. ಈಗ ಅವನು ನಡುವಯಸ್ಸಿನ ವಿದ್ಯಾವಂತ. ಹಳೆಯ ಋಣ ನೆನಪಿಸಿ ವುಲ್ಫನ ಬಾಗಿಲು ತಟ್ಟುತ್ತಾನೆ.

ಸಾಕ್ಷಿ ಹೇಳಿದವರು ತಾವೇ ಪತ್ತೇದಾರರಾಗಲು ಅರ್ಧ ಶತಮಾನ ಹಿಡಿಯಿತು. ನಡುವೆ ಬಂದದ್ದು ಪಾಕವಿಧಾನಗಳ ಸುಗ್ಗಿ. 1982ರಲ್ಲಿ ವರ್ಜೀನಿಯಾ ರಿಚ್ ಎಂಬಾಕೆ 'ದಿ ಕುಕಿಂಗ್ ಸ್ಕೂಲ್ ಮರ್ಡರ್ಸ್' ಬರೆದರು. 1990ರಲ್ಲಿ ಡಯಾನ್ ಮಾಟ್ ಡೇವಿಡ್‌ಸನ್, ಕೊಲರಾಡೋ ಬೆಟ್ಟಸೀಮೆಯಲ್ಲಿ ಔತಣಗಳಿಗೆ ಅಡುಗೆ ಒಪ್ಪಿಕೊಂಡು ಮಾಡುವ ಗೋಲ್ಡಿ ಎಂಬವಳನ್ನು ಸೃಷ್ಟಿಸಿ, ಕಥೆಯ ಜೊತೆಗೆ ಅಡುಗೆಯ ಅಳತೆಗಳನ್ನೂ ಕೊಟ್ಟು ಅಪಾರ ಜನಪ್ರಿಯರಾದರು. 2000ದಲ್ಲಿ ಜೋಆನ್ ಫ್ಲೂಕ್ ಮಿನ್ನೆಸೋಟದ ಒಂದು ಕಾಲ್ಪನಿಕ ಊರಿನಲ್ಲಿ ಬೇಕರಿ ತೆರೆದರು. ಓದಲು ಸೊಗಸು, ಇಲ್ಲವೆನ್ನುವುದಿಲ್ಲ. ಆದರೆ ಹತ್ತು ಪುಸ್ತಕ ಓದಿದ ಮೇಲೆ ಹಾಲಿನ ಪೇಡೆಯನ್ನೇ ಮೂರು ಹೊತ್ತು ತಿಂದಂತೆ ಬಾಯಿ ಕಟ್ಟಿತು. ಎಲ್ಲ ಊರೂ ಒಂದೇ ಊರು, ಎಲ್ಲ ಅಡುಗೆಮನೆಯಲ್ಲೂ ಬೆಣ್ಣೆ, ಮೈದಾ, ಚಾಕೊಲೇಟು. ಅಮೆರಿಕದ ಊರುಗಳಲ್ಲಿ ನಾನೇ ಕಣ್ಣಾರೆ ಕಂಡ ಜನ ಆ ಊರುಗಳಲ್ಲಿ ಹೆಚ್ಚಾಗಿ ಇರಲೇ ಇಲ್ಲ.

1992ರಲ್ಲಿ ಬಾರ್ಬರಾ ನೀಲಿ ಅವರ 'ಬ್ಲಾಂಶ್ ಆನ್ ದಿ ಲ್ಯಾಮ್' ಬಂತು. ನಾಯಕಿಯ ಹೆಸರು ಬ್ಲಾಂಶ್ ವೈಟ್. ಫ್ರೆಂಚಿನಲ್ಲಿ ಬ್ಲಾಂಶ್ ಎಂದರೂ ಬಿಳುಪೇ, ವೈಟ್ ಎಂದರೂ ಬಿಳುಪೇ. ಆಕೆ ಮಾತ್ರ ಅಚ್ಚ ಕಪ್ಪು ಬಣ್ಣದ ಹೆಂಗಸು. ಬಿಳಿಯರ ಮನೆಗಳಲ್ಲಿ ಅಡುಗೆ, ಕಸ, ಮುಸುರೆ ಮಾಡಿ ಬದುಕುವವಳು. ಬ್ಯಾಂಕಿನಲ್ಲಿ ಹಣವಿಲ್ಲದೆ ಚೆಕ್ಕು ಕೊಟ್ಟ ತಪ್ಪಿಗೆ ಮೂವತ್ತು ದಿನ ಸಜೆಯಾಗಿ, ನ್ಯಾಯಾಲಯದಿಂದಲೇ ತಪ್ಪಿಸಿಕೊಂಡು ಒಂದು ಶ್ರೀಮಂತ ಮನೆಯಲ್ಲಿ ಕೆಲಸದವಳಾಗಿ ಸೇರಿ ಅಡಗಿರುತ್ತಾಳೆ. ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಆಕೆಗೆ ಬೇಗನೆ ತಿಳಿಯುತ್ತದೆ. ಯಾರು ಊಟ ಬಿಟ್ಟರು, ಯಾರ ತಟ್ಟೆ ಯಾವ ಕೋಣೆಗೆ ಹೋಯಿತು, ಯಾರು ಯಾರ ಎದುರಿಗೆ ಮಾತು ನಿಲ್ಲಿಸಿದರು ಎಂಬುದು ಅಡುಗೆಯವಳಿಗಲ್ಲದೆ ಬೇರೆ ಯಾರಿಗೆ ಗೊತ್ತಾಗಬೇಕು? ಮನೆಯೊಡೆಯರು ಆಕೆ ಎದುರಿಗಿದ್ದರೂ ಇಲ್ಲವೇನೋ ಎಂಬಂತೆ ಮಾತನಾಡುತ್ತಾರೆ. ಅಲಕ್ಷ್ಯಕ್ಕೆ ಒಳಗಾಗುವುದೇ ಅವಳ ಪತ್ತೇದಾರಿಕೆಯ ಉಪಕರಣ.

ಅದು ನಗಿಸುತ್ತದೆ, ಆದರೆ ಬೆಚ್ಚನೆಯ ಪುಸ್ತಕವಲ್ಲ. ಬ್ಲಾಂಶ್ ಪೊಲೀಸರ ಬಳಿ ಹೋಗಲಾರಳು, ಹೋದರೆ ಮೊದಲು ಸೆರೆಯಾಗುವವಳು ಅವಳೇ. ಉಳಿದ ಕೋಝಿಗಳಲ್ಲಿ ನಾಯಕಿ ಪೊಲೀಸ್ ಅಧಿಕಾರಿಗೆ ಕಾಫಿ ಕೊಟ್ಟು ಸುದ್ದಿ ತೆಗೆಯುತ್ತಾಳೆ, ಹಲವೆಡೆ ಪ್ರೀತಿಸಿಯೂ ಬಿಡುತ್ತಾಳೆ. ಇಲ್ಲಿ ಆ ಸೌಲಭ್ಯವಿಲ್ಲ. ಚೊಚ್ಚಲ ಕಾದಂಬರಿಗಳಿಗೆ ಕೊಡುವ ಅಗಾಥಾ, ಆಂಥನಿ, ಮಕಾವಿಟಿ ಪ್ರಶಸ್ತಿಗಳು ಮೂರೂ ಅದಕ್ಕೆ ದೊರೆತವು. ನೀಲಿ ಬ್ಲಾಂಶಳ ಬಗ್ಗೆ ನಾಲ್ಕು ಕಾದಂಬರಿಗಳನ್ನು ಬರೆದರು, ಕೊನೆಯದು 2000ದಲ್ಲಿ. ಅಮೆರಿಕದ ರಹಸ್ಯಕಥೆಗಾರರ ಸಂಘ ತನ್ನ ಅತ್ಯುನ್ನತ ಗೌರವವಾದ ಗ್ರ್ಯಾಂಡ್ ಮಾಸ್ಟರ್ ಬಿರುದಿಗೆ 2020ರಲ್ಲಿ ಅವರನ್ನು ಆರಿಸಿತು. ಅದೇ ವರ್ಷದ ಮಾರ್ಚಿಯಲ್ಲಿ ಅವರು ತೀರಿಕೊಂಡರು.

ಆಮೇಲೆ ಬಂದವರ ಕಥೆ ತಿಳಿಯಬೇಕಾದರೆ ಸ್ವಲ್ಪ ಇತಿಹಾಸ ಬೇಕು. ಪಾಠ ಎಂದು ಆಕಳಿಸಬೇಡಿ, ಚಿಕ್ಕದಾಗಿಯೇ ಮುಗಿಸುತ್ತೇನೆ. ಅಮೆರಿಕದ ಯಾವ ಸಣ್ಣ ಊರಿಗೆ ಹೋದರೂ ಒಂದು ಚೀನೀ ಹೋಟೆಲು ಇದ್ದೇ ಇರುತ್ತದಲ್ಲ, ಏಕೆ? 1882ರಲ್ಲಿ ಆ ದೇಶ ಚೀನೀ ಕೂಲಿಗಳು ಒಳಬರದಂತೆ ಕಾಯಿದೆ ಮಾಡಿತು. ವರ್ತಕರಿಗೆ ವಿನಾಯಿತಿ ಇತ್ತು. 1915ರಲ್ಲಿ ಒಂದು ನ್ಯಾಯಾಲಯದ ತೀರ್ಪಿನಿಂದಾಗಿ ಹೋಟೆಲು ಮಾಲೀಕರೂ ವರ್ತಕರೆಂದು ಪರಿಗಣಿತರಾದರು. ಆಗ ಚೀನೀಯರು ಬಂಧುಬಳಗದಿಂದ ಹಣ ಕೂಡಿಸಿ ಊರೂರಿಗೆ ಹೋಟೆಲು ತೆರೆದರು, ಆ ಬಾಗಿಲಿನಿಂದ ತಮ್ಮವರನ್ನು ಕರೆಸಿಕೊಂಡರು. ಆ ಕಾಯಿದೆ ರದ್ದಾದದ್ದು 1943ರಲ್ಲಿ. ನಮ್ಮವರ ಪಾಡೂ ಉತ್ತಮವಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. 1946ರಲ್ಲಿ ಭಾರತಕ್ಕೂ ಫಿಲಿಪೀನ್ಸಿಗೂ ವರ್ಷಕ್ಕೆ ತಲಾ ನೂರು ಮಂದಿಯ ಅವಕಾಶ ಸಿಕ್ಕಿತು. ಬಾಗಿಲು ನಿಜವಾಗಿ ತೆರೆದದ್ದು 1965ರ ಕಾಯಿದೆಯಿಂದ. ನನ್ನ ಮಗನಂಥವರು ಅಲ್ಲಿರುವುದು ಅದರ ಫಲ.

ಹೀಗೆ ಹೊರಗಿನಿಂದ ಬಂದವರಿಗೆ ಹೋಟೆಲೇ ಊರಿನೊಳಗೆ ಕಾಲಿಡುವ ಹೊಸ್ತಿಲಾಯಿತು. ಊರಿನವರು ಅವರ ಕೈಯಡುಗೆ ತಿಂದರು, ಜೊತೆಗೆ ಅನುಮಾನವನ್ನೂ ಪಟ್ಟರು. 1968ರಲ್ಲಿ ಒಬ್ಬ ವೈದ್ಯರು ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಗೆ, ಚೀನೀ ಹೋಟೆಲಿನ ಊಟವಾದ ಮೇಲೆ ತಮಗೆ ಕುತ್ತಿಗೆ ಜೋಮು ಹಿಡಿಯುತ್ತದೆ, ಕಾರಣವೇನಿರಬಹುದು ಎಂದು ಒಂದು ಪತ್ರ ಬರೆದರು. ಅಷ್ಟಕ್ಕೇ 'ಚೀನೀ ಹೋಟೆಲು ಕಾಯಿಲೆ' ಎಂಬ ಹೆಸರೇ ಹುಟ್ಟಿಕೊಂಡಿತು. ದೋಷವನ್ನು ಅಜಿನೊಮೊಟೊ ಎಂದು ನಾವು ಕರೆಯುವ ಆ ಬಿಳಿ ಪುಡಿಯ ಮೇಲೆ ಹೊರಿಸಿದರು. ಅದೇ ಪುಡಿ ಅಮೆರಿಕದ ಡಬ್ಬಿ ಸೂಪುಗಳಲ್ಲೂ ಇತ್ತು. ಆದರೆ 'ಡಬ್ಬಿ ಸೂಪು ಕಾಯಿಲೆ' ಎಂದು ಯಾರೂ ಹೆಸರಿಡಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ವಿವಿಯನ್ ಚಿಯೆನ್ ಅವರ 'ಡೆತ್ ಬೈ ಡಂಪ್ಲಿಂಗ್' ಓದಬೇಕು. 2018ರದು. ಓಹಿಯೋದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಂದು ನೂಡಲ್ ಹೋಟೆಲು. ಮನೆಯ ಮಗಳು ಲಾನಾ ಲೀ ಒಲ್ಲದ ಮನಸ್ಸಿನಿಂದ ಅಲ್ಲಿ ಬಡಿಸುತ್ತಾಳೆ. ಕಟ್ಟಡದ ಮೇಲ್ವಿಚಾರಕನಿಗೆ ಸಿಗಡಿಯಂಥವು ಆಗದು ಎಂದು ಎಲ್ಲರಿಗೂ ಗೊತ್ತು. ಆ ಹೋಟೆಲಿನಿಂದ ಹೋದ ಕಡುಬು ತಿಂದು ಅವನು ಸಾಯುತ್ತಾನೆ, ಅನುಮಾನ ನೇರವಾಗಿ ಅಡುಗೆ ಹುಡುಗನ ಮೇಲೆ ಬೀಳುತ್ತದೆ. ಎ.ಎಲ್. ಹರ್ಬರ್ಟ್ ಅವರ 2015ರ ಕಾದಂಬರಿಯಲ್ಲಿ ಮೇರಿಲ್ಯಾಂಡಿನ ಹಾಲಿಯಾ ವಾಟ್ಕಿನ್ಸ್ ಎಂಬ ಕಪ್ಪು ಮಹಿಳೆ ತನ್ನ ಅಜ್ಜಿಯರ ಕಾಲದ ಅಡುಗೆಗಳ ಹೋಟೆಲು ನಡೆಸುತ್ತಾಳೆ. ಅಲ್ಲಿ ಹೆಣ ಸಿಕ್ಕಿದ್ದು ಅವಳದೇ ಅಡುಗೆಮನೆಯಲ್ಲಿ, ಪಕ್ಕದಲ್ಲಿ ಬೀಡು ಕಬ್ಬಿಣದ ಬಾಣಲೆ. ಕಷ್ಟಪಟ್ಟು ಕಟ್ಟಿದ ಹೋಟೆಲಿನ ಹೆಸರು ಕೆಟ್ಟರೆ ಗತಿಯೇನು ಎಂಬ ಭಯವೇ ಅವಳಿಂದ ಏನೇನೋ ಮಾಡಿಸುತ್ತದೆ. ಪತ್ತೇದಾರಿಕೆಯ ದೃಷ್ಟಿಯಿಂದ ಎರಡೂ ಸಾಧಾರಣ, ನಾನು ಅರ್ಧದಲ್ಲೇ ಊಹಿಸಿದೆ. ಆದರೆ ಹೋಟೆಲು ಮುಚ್ಚಿದರೆ ಒಂದು ಮನೆತನವೇ ಬೀದಿಗೆ ಬರುತ್ತದೆ ಎಂಬ ಆತಂಕ ಸುಳ್ಳಲ್ಲ.

ಈ ಗುಂಪಿನಲ್ಲಿ ನನಗೆ ಬಹಳ ಹಿಡಿಸಿದ್ದು ಮಿಯಾ ಪಿ. ಮನನ್ಸಾಲಾ ಅವರ 'ಆರ್ಸೆನಿಕ್ ಅಂಡ್ ಅಡೋಬೋ', 2021. ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಫಿಲಿಪೀನ್ಸ್ ಮೂಲದ ಕುಟುಂಬದ ಹೋಟೆಲು. ಮದುವೆಯಾಗಬೇಕಿದ್ದವನಿಂದ ಮೋಸಹೋಗಿ ಶಿಕಾಗೋದಿಂದ ಹಿಂತಿರುಗಿದ ಲೀಲಾ (ಹೌದು, ಆಕೆಯ ಹೆಸರು ನಮ್ಮ ಕಿವಿಗೆ ಹಾಗೆಯೇ ಕೇಳಿಸುತ್ತದೆ) ಅತ್ತೆಯ ಹೋಟೆಲಿಗೆ ನೆರವಾಗುತ್ತಿದ್ದಾಳೆ. ಊರಿನ ಹೋಟೆಲುಗಳ ಬಗ್ಗೆ ಕೆಟ್ಟದಾಗಿ ಬರೆಯುವ ಅವಳ ಹಳೆಯ ಗೆಳೆಯ ಅಲ್ಲಿಯೇ ಊಟ ಮಾಡುತ್ತ ಕುಸಿದು ಸಾಯುತ್ತಾನೆ. ಲೀಲಾಳೇ ಮುಖ್ಯ ಆರೋಪಿ. ಅತ್ತೆ ಒಂದು ಕಡೆ, ಏನು ಮಾಡಿದರೂ ಕೊಂಕು ತೆಗೆಯುವ ಅಜ್ಜಿ ಇನ್ನೊಂದು ಕಡೆ, ಜೊತೆಗೆ ಏಪ್ರಿಲ್, ಮೇ, ಜೂನ್ ಎಂಬ ಹೆಸರಿನ ಮೂವರು ಹಿರಿಯ ಹೆಂಗಸರು! ಆ ಮೂವರಿಗೆ ಊರಿನ ಸುದ್ದಿಯೆಲ್ಲ ಗೊತ್ತು. ಬಂದವರ ಮುಖ ಕಂಡೊಡನೆ "ತೂಕ ಜಾಸ್ತಿಯಾಯಿತಲ್ಲ" ಎನ್ನುವುದು, ಹಾಗೆನ್ನುತ್ತಲೇ ತಟ್ಟೆಗೆ ಇನ್ನಷ್ಟು ಬಡಿಸುವುದು. ನಮ್ಮ ಮನೆಯ ಮದುವೆಗಳಲ್ಲಿ ಇಂಥವರನ್ನು ನಾನು ಕಂಡಿಲ್ಲವೇ? ಹೆಸರು ಹೇಳಿದರೆ ಇದನ್ನು ಓದುವ ಬಂಧುಗಳು ಕೋಪಿಸಿಕೊಂಡಾರು.

ಅಡೋಬೋ ಎಂದರೆ ವಿನಿಗರ್, ಸೋಯಾ, ಬೆಳ್ಳುಳ್ಳಿ, ಕರಿಮೆಣಸು, ಪಲಾವಿನ ಎಲೆ ಹಾಕಿ ಕುದಿಸುವ ಅಡುಗೆ. ಹೆಸರು ಸ್ಪೇನಿನವರದು, ಹುಳಿಯಲ್ಲಿ ಬೇಯಿಸುವ ಪದ್ಧತಿ ಅವರು ಬರುವ ಮೊದಲಿನದು. ಮೂರು ಶತಮಾನಕ್ಕೂ ಹೆಚ್ಚು ಕಾಲ ಸ್ಪೇನಿನ ಆಳ್ವಿಕೆ, 1898ರಿಂದ ಅಮೆರಿಕದ್ದು, 1946ರಲ್ಲಿ ಸ್ವಾತಂತ್ರ್ಯ: ಇಷ್ಟೂ ಆ ಒಂದು ಪಾತ್ರೆಯಲ್ಲಿದೆ. ನಾನು ಮಾಂಸ ತಿನ್ನುವವಳಲ್ಲ, ಆದ್ದರಿಂದ ಬದನೆಕಾಯಿ ಹಾಕಿ ಮಾಡಿದೆ. ಮೊಮ್ಮಗಳು ಎರಡು ಸಲ ಹಾಕಿಸಿಕೊಂಡಳು. ಮಗ "ಅಮ್ಮ, ಇದಕ್ಕೆ ಒಗ್ಗರಣೆ ಇಲ್ಲವೇ?" ಎಂದ. ಆ ಪುಸ್ತಕಕ್ಕೂ ಅಗಾಥಾ ಪ್ರಶಸ್ತಿ ಬಂತು.

ಇಂಥ ಲೇಖಕರು ಬರಬರುತ್ತ ಹೆಚ್ಚಾಗಲು ಅವರು ತಾವೇ ಒಟ್ಟುಗೂಡಿದ್ದೂ ಕಾರಣ. 2018ರಲ್ಲಿ ವಾಲ್ಟರ್ ಮೋಸ್ಲಿ, ಗಿಗಿ ಪಾಂಡಿಯನ್, ಕೆಲ್ಲಿ ಗ್ಯಾರೆಟ್ ಸೇರಿ ಬಿಳಿಯರಲ್ಲದ ಅಪರಾಧಕಥೆಗಾರರದೇ ಒಂದು ಸಂಘಟನೆ ಕಟ್ಟಿದರು. ಪಾಂಡಿಯನ್ ಅವರ ತಂದೆ ದಕ್ಷಿಣ ಭಾರತದವರು. 2022ರಲ್ಲಿ ಶುರುವಾದ ಅವರ ಒಂದು ಕಥಾಮಾಲೆಯಲ್ಲಿ ಭಾರತದ ಅಜ್ಜ, ಸ್ಕಾಟ್ಲೆಂಡಿನ ಅಜ್ಜಿ. ಬಂದವರಿಗೆಲ್ಲ ಬೇಯಿಸಿ ಹಾಕುವುದು ಅಜ್ಜನ ಕೆಲಸ. ಅಜ್ಜ ಸೌಟು ಹಿಡಿದ ಕಥೆಯನ್ನು ನಮ್ಮ ಯಜಮಾನರಿಗೂ ಓದಿ ಹೇಳಿದೆ. ಪ್ರಯೋಜನವಾಗಲಿಲ್ಲ.

ಅಮೆರಿಕದ ಹೊರಗೂ ಈ ಪ್ರಕಾರ ಹಬ್ಬಿದೆ. ಸಿಂಗಪುರದ ಒವಿಡಿಯಾ ಯು ಎಂಬ ಲೇಖಕಿಯ ಆಂಟಿ ಲೀ ಕಥೆಗಳು 2013ರಲ್ಲಿ ಆರಂಭವಾದವು. ಆಂಟಿ ಲೀ ವಿಧವೆ, ಅನುಕೂಲಸ್ಥೆ, ಹೊತ್ತು ಹೋಗಲೆಂದು ಪೆರನಾಕನ್ ಅಡುಗೆಯ ಹೋಟೆಲು ಇಟ್ಟವಳು. ಹಿಂದೆ ಮಲಯ ದ್ವೀಪಗಳಿಗೆ ವ್ಯಾಪಾರಕ್ಕೆ ಬಂದು ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ನೆಲೆಸಿದ ಚೀನೀಯರ ಸಂತತಿಗೆ ಪೆರನಾಕನ್ ಎನ್ನುತ್ತಾರೆ. ಆಂಟಿಯ ಬಲಗೈ ನೀನಾ, ಫಿಲಿಪೀನ್ಸಿನಿಂದ ಮನೆಗೆಲಸಕ್ಕೆ ಬಂದ ಹೆಂಗಸು. ಮಾತು ಕಡಿಮೆ, ಗಮನ ಹೆಚ್ಚು. ಆಂಟಿ ಲೀಯ ಬುದ್ಧಿವಂತಿಕೆಯಲ್ಲಿ ಅರ್ಧ ನೀನಾಳದು ಎಂದು ನನಗನ್ನಿಸಿತು.

2014ರಲ್ಲಿ ಬಂದ ಎರಡನೆಯ ಕಥೆ ಬುವಾ ಕೆಲುವಾಕ್ ಎಂಬ ಕಾಯಿಯ ಸುತ್ತ ಹೆಣೆದದ್ದು. ಆ ಮರದ ಬೀಜ ಹಸಿಯಾಗಿದ್ದಾಗ ಸಯನೈಡ್ ವಿಷ. ಅದನ್ನು ಬೇಯಿಸಿ, ಬೂದಿಯಲ್ಲಿ ಹುದುಗಿಸಿ ಮಣ್ಣಿನಲ್ಲಿ ಸುಮಾರು ನಲವತ್ತು ದಿನ ಹೂತಿಟ್ಟು, ಆಮೇಲೆ ದಿನಗಟ್ಟಲೆ ನೀರಿನಲ್ಲಿ ನೆನೆಸಿ, ಒಳಗಿನ ಕಪ್ಪು ತಿರುಳನ್ನು ಕೋಳಿಯ ಜೊತೆ ಬೇಯಿಸುತ್ತಾರೆ. ಒಂದು ಶ್ರೀಮಂತ ಮನೆಯ ಸಮಾರಂಭಕ್ಕೆ ಆಂಟಿ ಲೀ ಅದನ್ನು ಮಾಡಿ ಕಳಿಸುತ್ತಾಳೆ. ಮನೆಯೊಡತಿಯೂ ಮಗನೂ ಸತ್ತುಬಿದ್ದಿರುತ್ತಾರೆ. ಇನ್ನೇನು, ಬೀಜದಲ್ಲಿ ವಿಷವಿದೆ, ಅಡುಗೆಯವಳು ತಪ್ಪಿದ್ದಾಳೆ ಎಂದು ಮಾತು ಮುಗಿಯುತ್ತದೆ. ಆದರೆ ಅದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವಳಿಗೆ ತನ್ನ ಕೈಯ ಮೇಲೆ ಭರವಸೆಯಿದೆ. ಹುಣಸೆಹುಳಿ ಸಾಲದಿದ್ದರೆ ಕೆಸುವಿನ ಪತ್ರೊಡೆ ಗಂಟಲು ಕೆರೆಯುತ್ತದೆ ಎಂದು ನಮ್ಮ ಹೆಂಗಸರಿಗೆ ಗೊತ್ತಿಲ್ಲವೇ? ಆಹಾರದ ಅಪಾಯ ಬೇರೆಲ್ಲರಿಗಿಂತ ಚೆನ್ನಾಗಿ ತಿಳಿದಿರುವುದು ಬೇಯಿಸುವವರಿಗೆ. ಏನಾದರೂ ಆದಾಗ ಅವರ ಆ ತಿಳಿವಳಿಕೆಯೇ ಅವರ ಮೇಲಿನ ಆರೋಪವಾಗುತ್ತದೆ.

ಈ ಅನುಮಾನ ಬಹಳ ಹಳೆಯದು, ನಮ್ಮಲ್ಲಿಯೂ ಉಂಟು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಊಟದ ಪರೀಕ್ಷೆಯ ವಿವರವಿದೆ. ಅನ್ನವನ್ನು ಮೊದಲು ಬೆಂಕಿಗೂ ಹಕ್ಕಿಗಳಿಗೂ ಹಾಕಬೇಕು. ವಿಷವಿದ್ದರೆ ಜ್ವಾಲೆ ನೀಲಿಯಾಗಿ ಚಟಚಟಿಸುತ್ತದೆ, ಹಕ್ಕಿ ಸಾಯುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ನೀವೆಲ್ಲ ಕಣ್ಣರಳಿಸಿ ಕೇಳುತ್ತಿದ್ದಿರಿ. ಪಾಠ ಹೇಳಿದವಳು ಕಲಿತಳೇ ಎಂಬುದು ಬೇರೆ ಪ್ರಶ್ನೆ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ, ಬಿಸಿಯೂಟ ಪ್ರೌಢಶಾಲೆಗಳಿಗೂ ಬಂದ ಕೆಲವು ವರ್ಷಗಳ ಮೇಲೆ, ಒಂದು ಮಧ್ಯಾಹ್ನ ಇಪ್ಪತ್ತರಷ್ಟು ಮಕ್ಕಳಿಗೆ ಹೊಟ್ಟೆನೋವು, ವಾಂತಿ ಶುರುವಾಯಿತು. ದೇವರ ದಯೆ, ಮರುದಿನಕ್ಕೆ ಎಲ್ಲರೂ ಸುಧಾರಿಸಿಕೊಂಡರು. ಗೇಟಿನ ಹೊರಗೆ ಪೋಷಕರ ಗಲಾಟೆ. ಆ ಅಡುಗೆಯಾಕೆಯ ಕೈಯೂಟ ಬೇಡವೆಂದು ಮೊದಲಿಂದಲೂ ಬೇರೆ ಕಾರಣಕ್ಕೆ ಗೊಣಗುತ್ತಿದ್ದವರು ಆ ದಿನ ಜೋರಾಗಿ ಮಾತನಾಡಿದರು. ಆ ಕಾರಣ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಚಾರಣೆಗೆ ಮೂವರು ಶಿಕ್ಷಕರು, ಅವರಲ್ಲಿ ನಾನೊಬ್ಬಳು. ಆಕೆಯನ್ನು ನಿಲ್ಲಿಸಿಯೇ ಮಾತನಾಡಿಸಿದೆವು. ಬೇಳೆ ತೊಳೆದೆಯಾ, ಪಾತ್ರೆ ಮುಚ್ಚಿದ್ದೆಯಾ, ಕೈ ತೊಳೆದೆಯಾ ಎಂದೆಲ್ಲ ಕೇಳಿದೆವು. ಆಕೆ ಒಂದು ಮಾತು ಹೇಳಿದರು: "ಟ್ಯಾಂಕಿನ ನೀರು ವಾಸ್ನೆ ಬರ್ತೈತೆ ಅಂತ ಸೋಮವಾರಾನೇ ಹೇಳಿದ್ನಲ್ಲ ಟೀಚರಮ್ಮ." ನಾವು ಅದನ್ನು ಬರೆದುಕೊಳ್ಳಲಿಲ್ಲ. ಮನೆಯಿಂದ ಬುತ್ತಿ ತಂದು ಉಂಡಿದ್ದ ಇಬ್ಬರು ಹುಡುಗಿಯರಿಗೂ ಹೊಟ್ಟೆನೋವು ಬಂದಿತ್ತು. ಹಾಜರಿ ಪುಸ್ತಕದ ಪಕ್ಕದಲ್ಲಿ ಅವರ ಹೆಸರನ್ನೂ ನಾನೇ ಬರೆದಿದ್ದೆ. ಯಾವ ಕಳಪೆ ಪತ್ತೇದಾರಿ ಕಥೆಯಲ್ಲೂ ಅಷ್ಟು ಸ್ಪಷ್ಟವಾದ ಸುಳಿವು ಓದುಗನ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅಡುಗೆಯ ಶುಚಿತ್ವದಲ್ಲಿ ಲೋಪ ಎಂದು ವರದಿಯಾಯಿತು, ಮೂವರ ಸಹಿ ಬಿತ್ತು, ಆಕೆ ಕೆಲಸ ಬಿಡಬೇಕಾಯಿತು.

ಬೇಸಿಗೆ ರಜೆಯಲ್ಲಿ ಟ್ಯಾಂಕು ತೊಳೆಸಿದಾಗ ತಳದಲ್ಲಿ ಪಾರಿವಾಳದ ಮೂಳೆ, ಪುಕ್ಕ ಸಿಕ್ಕವು ಎಂದು ಜವಾನ ಬಂದು ಹೇಳಿದ. ಆಗ ಆಕೆಯ ಮನೆಗೆ ಹೋಗಬಹುದಾಗಿತ್ತು. ಹೋಗಲಿಲ್ಲ. ವರದಿ ಆಗಲೇ ಕಳಿಸಿಯಾಗಿದೆ, ಹೊಸ ಅಡುಗೆಯವರು ಬಂದಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಓಹಿಯೋದ ಆ ಗ್ರಂಥಾಲಯದಲ್ಲಿ, ಹದಿನಾಲ್ಕು ಮಂದಿ ನೌಕರರು ವುಲ್ಫನ ಕೋಣೆಯಲ್ಲಿ ಕುಳಿತ ಅಧ್ಯಾಯ ಓದುವಾಗ ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನಿದ್ದೆ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಊರನ್ನೂ ಹೇಳುವುದಿಲ್ಲ. ಶನಿವಾರದ ಚಿತ್ರಾನ್ನಕ್ಕೆ ಮಾವಿನಕಾ​ಯಿ ತುರಿದು ಹಾಕುತ್ತಿದ್ದವರು ಎಂದರೆ ಆ ವರ್ಷ ಹತ್ತನೆಯ ತರಗತಿಯಲ್ಲಿದ್ದವರಿಗೆ ಗೊತ್ತಾಗುತ್ತದೆ. ಮಗಳ ಊರಿಗೆ ಹೋದರೆಂದು ಯಾರೋ ಹೇಳಿದ್ದರು. ಈಗ ಎಲ್ಲಿದ್ದಾರೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ನನಗೊಂದು ಫೋನ್ ಮಾಡಿ. ನಂಬರು ಹಳೆಯದೇ ಇದೆ.